ಕಪ್ಪು ಕೋಟಿಗೆ ನೀಲಿ ಕಾಜಾ

“ತಪ್ಪಾಯ್ತು ಸಾರ್” ಅಂತೆ! ಆಹಾ, ಏನು ವಿನಯ! ಆ ಲಾಯರ್ ಕೋಟು ತಂದು ಟೇಬಲ್ ಮೇಲೆ ಬಿಸಾಕಿ, ನಮ್ಮ ಹೊಲಿಗೆ ಅಂಗಡಿ ಮೆಟ್ಟಿಲು ಇಳಿಯೋವರೆಗೂ ತಲೆ ತಗ್ಗಿಸಿ ನಿಂತಿದ್ದೆಯಲ್ಲ, ಸೊಸೆ ಮಹಾರಾಣಿ… ಈಗಲೂ ಯಾಕೆ ನೆಲ ನೋಡ್ತೀಯ? ಕಪ್ಪು ಕೋಟಿನ ಗುಂಡಿ ತೂತಿಗೆ ನೀಲಿ ದಾರದಲ್ಲಿ ಕಾಜಾ! ಗುಂಡಿ ಬಿಚ್ಚಿದಾಗೆಲ್ಲ ಕೋರ್ಟಲ್ಲಿ ಪಕ್ಕದವರು ನಕ್ಕರಂತೆ. ಏನಂದೆ? ಕಾಜಾ ಚೆನ್ನಾಗಿದೆ ಅಂತ ಆ ಲಾಯರ್ರೇ ಅಂದ್ರಾ? ಹೌದಮ್ಮ, ಅಂದ್ರು. “ಕೈಕೆಲಸ ಅಂದ್ರೆ ಇದು, ಬಣ್ಣ ಮಾತ್ರ ಹೀಗ್ಯಾಕೆ” ಅಂದ್ರು. ಅದಕ್ಕೇ ನನಗೆ ಹೊಟ್ಟೆ ಉರಿಯೋದು!

ನೀನು ಈ ಮನೆಗೆ ಬಂದಾಗ ಸೂಜಿ ಹಿಡಿಯೋಕೆ ಬರ್ತಿತ್ತೇನೇ? ನಿನ್ನ ಮೊದಲನೇ ಕಾಜಾ ನೆನಪಿದೆಯಾ… ಆಕಳಿಸೋ ಬೆಕ್ಕಿನ ಬಾಯಿ ಹಾಗಿತ್ತು! ಯಾಕೆ ನಗ್ತೀಯ? ನಗು, ನಗು. ದಿನಾ ಅಂಗಡಿ ಬಾಗಿಲು ತೆಗೆಯೋ ಮೊದಲು ಚಿಂದಿ ಬಟ್ಟೆ ಮೇಲೆ ಒಂದು ಕಾಜಾ. ಒಂದೇ ಒಂದು! ಮೈ ಬೆಚ್ಚಗಿದ್ರೂ ಒಂದು, ಗಂಡನ ಜೊತೆ ಮುನಿಸಿಕೊಂಡ್ರೂ ಒಂದು. “ಒಂದರಿಂದ ಏನಾಗುತ್ತೆ ಅತ್ತೆ” ಅಂತ ಮೂತಿ ತಿರುಗಿಸ್ತಿದ್ದೆ. ಹನಿ ಹನಿ ಕೂಡಿದ್ರೆ ಹಳ್ಳ ಕಣೇ ಅಂತ ಬೈದಿದ್ದೇ ಬೈದಿದ್ದು ನಾನು. ಆಮೇಲೆ? ದೊಡ್ಡ ಅಂಗಡಿಯವರೇ ತಮ್ಮ ಕೋಟುಗಳನ್ನ ಕಾಜಾ ಹಾಕಿಸೋಕೆ ಇಲ್ಲಿಗೆ ಕಳಿಸೋ ಹಾಗಾಗ್ಲಿಲ್ವಾ?

ನನಗೂ ಹೀಗೇ ಬಂದಿದ್ದು. ನನ್ನತ್ತೆ ಹತ್ರ, ಗಜಕಡ್ಡೀಲಿ ಏಟು ತಿಂದು ತಿಂದು… ಈಗ ಕಣ್ಣು ಮುಚ್ಚಿಕೊಂಡು ಹಾಕಲಾ? ಬೆರಳಿಗೇ ಗೊತ್ತು ಎಲ್ಲಿ ಚುಚ್ಚಬೇಕು ಅಂತ! ಏನೇ ಹಾಗೆ ನೋಡ್ತೀಯ? ನನ್ನ ಮುಖದಲ್ಲೇನು ಕೋತಿ ಕುಣೀತಿದೆಯಾ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ನಾಳೆಯಿಂದ ನೀನು ಕೋಟು ಮುಟ್ಟಬೇಡ. ದಿಂಬಿನ ಕವರ್ ಹೊಲ್ಕೊಂಡು ಬಿದ್ದಿರು, ಸಾಕು. ಅಳು ಬೇರೆ!

ಬೆಳಿಗ್ಗೆ ಸೂಜಿಗಳಿಗೆಲ್ಲ ದಾರ ಪೋಣಿಸಿಡೋದು ಯಾರ ಕೆಲಸ? ನಿನ್ನದು. ಮೊದಲು ನಾನೇ ಪೋಣಿಸ್ಕೊಳ್ತಿದ್ದೆ, ನಿಜ… ಪುರುಸೊತ್ತಿಲ್ಲ ಅಂತ ನಿನಗೆ ವಹಿಸಿದೆ. ಪುರುಸೊತ್ತಿಲ್ಲ ಅಂತಲೇ! ಇನ್ಯಾಕೆ? ಕಪ್ಪು ಪೋಣಿಸು ಅಂದ್ರೆ ನೀಲಿ ಪೋಣಿಸಿಟ್ಟೆ. ಏನು? ಎರಡೂ ಇಟ್ಟಿದ್ಯಾ? ಸ್ಕೂಲ್ ಯೂನಿಫಾರಂಗೆ ನೀಲಿ, ಕೋಟಿಗೆ ಕಪ್ಪು, ಬೇರೆ ಬೇರೆಯಾಗೇ ಚುಚ್ಚಿಟ್ಟಿದ್ಯಾ? ಹಾಗಾದ್ರೆ ತಪ್ಪು ಸೂಜಿ ಎತ್ಕೊಂಡಿದ್ದು ಯಾರು? ಹೇಳೇ! ಆ ಕೋಟು ತೊಡೆ ಮೇಲೆ ಹಾಕ್ಕೊಂಡು ಕೂತಿದ್ದು ಯಾರು?

ನಾನು… ನಾನೇ ಕೂತಿದ್ದೆ.

ಏನದು ಕೈಯಲ್ಲಿ… ಸೂಜಿ. ಎರಡು ಸೂಜಿ. ಕಪ್ಪು ದಾರದ್ದು ಎತ್ತಬೇಕಾ? ನನಗೇ ಪರೀಕ್ಷೆಯಾ, ಕೊಬ್ಬು ನಿನಗೆ! ಕೊಡಿಲ್ಲಿ. ಕತ್ತಲೆ ಕಣೇ ಇಲ್ಲಿ, ಆ ಬಾಗಿಲು ಪೂರ್ತಿ ತೆಗಿ… ತಡಿ, ನಾನೇ ಹೊರಗೆ ಬರ್ತೀನಿ. ಮೋಡ ಮುಚ್ಚಿರಬೇಕು… ಇಲ್ಲ, ಕತ್ತು ಸುಡ್ತಿದೆ. ಬಿಸಿಲೇ. ಇದು… ಇದು ಕಪ್ಪು. ಹೌದು ತಾನೇ? ಅಲ್ಲ, ಅದು. ಅದೇ. ಏನಾದ್ರೂ ಹೇಳೇ, ಮೂದೇವಿ!

ಗೊತ್ತಿತ್ತು ನಿನಗೆ. ಗೊತ್ತಿದ್ದೂ ಆ ಮನುಷ್ಯನ ಮುಂದೆ ತಪ್ಪನ್ನ ಮೈಮೇಲೆ ಹಾಕ್ಕೊಂಡ್ಯಾ? ಬಾಯಿ ಬಿದ್ದು ಹೋಗಿತ್ತಾ? ಥೂ… ಅಳಬೇಡ್ವೇ, ನನಗೂ ಬರುತ್ತೆ. ನಿನ್ನ ಗಂಡನಿಗೆ ಹೇಳಿದ್ಯಾ? ಇಲ್ವಾ? ಹೇಳಬೇಡ. ಹೇಳಿದ್ರೆ “ಸಾಕಮ್ಮ, ಮನೇಲಿ ಕೂತ್ಕೋ” ಅಂತಾನೆ. ಬೆಳಿಗ್ಗೆ ಎದ್ದು ನಾನು ಮತ್ತೇನು ಮಾಡಲಿ? ಎದುರು ಅಂಗಡಿಯವನು ನೋಡ್ತಿರಬೇಕು, ಸ್ವಲ್ಪ ಹತ್ರ ಬಾ. ಇನ್ನೂ ಹತ್ರ. ಮೆಲ್ಲಗೆ ಹೇಳೇ… ಕಪ್ಪು ಯಾವುದು?