ಡ್ರೈವರ್ ಇಲ್ಲದ ಸ್ಟೇರಿಂಗ್

ನಮ್ಮ ಪಕ್ಕದ ಮನೆ ಪಾಲಾಕ್ಷ ಎಡಗೈಯಲ್ಲಿ ಊಟ ಮಾಡೋದನ್ನ ನೀವೆಲ್ಲ ನೋಡಿದ್ದೀರಿ. ಬಲಗೈ ಮಣಿಕಟ್ಟು ಅವನಿಗೆ ತಿರುಗಲ್ಲ. ಹೊಸಬರು ಯಾರಾದರೂ ಕೇಳಿದರೆ ಬಚ್ಚಲಲ್ಲಿ ಜಾರಿ ಬಿದ್ದೆ ಅಂತಾನೆ. ಜಾರಿ ಬಿದ್ದಿದ್ದಲ್ಲ ಅದು. ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ, ಹೇಳ್ತೀನಿ.

ಎರಡು ಸಾವಿರದ ಮೂರನೇ ಇಸವಿ. ಕಾರ್ತಿಕ ಮಾಸದ ಚಳಿ. ಬೆಂಗಳೂರಿಂದ ಬಂದ ಕೊನೇ ಬಸ್ಸು ಪಾಲಾಕ್ಷನನ್ನು ಚಳ್ಳಕೆರೆಯಲ್ಲಿ ಇಳಿಸಿ ಹೋದಾಗ ರಾತ್ರಿ ಹತ್ತೂವರೆ ದಾಟಿತ್ತು. ಆಟೋ ಒಂದೂ ಇರಲಿಲ್ಲ. ಹೆಗಲ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ನಡೆದ. ಅವನ ಅಂಗಡಿ ಇದ್ದದ್ದು ಮುಚ್ಚಿಹೋದ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಹಾಳುಬಾವಿ ದಾಟಲೇಬೇಕು.

ಬಾವಿ ಹತ್ತಿರ ಬಂದಾಗ ಪೆಟ್ಟಿಗೆ ಒಳಗಿಂದ ಸದ್ದು ಬಂತು.

ಗರ್‍ರ್‍ರ್... ಟಕ್.

ನಿಂತ. ಸದ್ದೂ ನಿಂತಿತು. ನಾಲ್ಕು ಹೆಜ್ಜೆ ಹಾಕಿದ. ಮತ್ತೆ... ಗರ್‍ರ್‍ರ್... ಟಕ್. ಈ ಸಲ ಪೆಟ್ಟಿಗೆ ಹೆಗಲ ಮೇಲೆ ಎಡಕ್ಕೆ ವಾಲಿತು, ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ.

ಅದರಲ್ಲಿ ಇದ್ದದ್ದು ಕಾರ್ ರೇಸ್ ಆಡೋ ಸ್ಟೇರಿಂಗ್. ಮೇಜಿಗೆ ಬಿಗಿದು, ಕಾಲ ಕೆಳಗೆ ಪೆಡಲು ಇಟ್ಟು, ಕಂಪ್ಯೂಟರಿಗೆ ವೈರು ಕೊಟ್ಟರೆ ಮುಗೀತು. ಬರೀ ಆಟದ ಸಾಮಾನು ಅಂದ್ಕೋಬೇಡಿ. ಒಳಗೆ ಮೋಟಾರು ಇರುತ್ತೆ. ಪರದೆ ಮೇಲಿನ ಕಾರು ಗುಂಡಿಗೆ ಇಳಿದರೆ ಇಲ್ಲಿ ಕೈ ಅದುರುತ್ತೆ, ಗೋಡೆಗೆ ಗುದ್ದಿದರೆ ಸ್ಟೇರಿಂಗು ತಿರುಗಿ ಜಗ್ಗುತ್ತೆ. ಫೋರ್ಸ್ ಫೀಡ್‌ಬ್ಯಾಕ್ ಅಂತಾರೆ ಅದಕ್ಕೆ. ಚಿತ್ರದುರ್ಗದ ಈ ಕಡೆ ಆಗ ಯಾರ ಹತ್ತಿರಾನೂ ಇರಲಿಲ್ಲ. ಹಳೇ ಸಾಮಾನು ಮಾರೋ ಒಬ್ಬನ ಹತ್ತಿರ ಹುಡುಕಿ ತಂದಿದ್ದ.

ಆದರೆ ಮೋಟಾರು ತಿರುಗೋಕೆ ಕರೆಂಟು ಬೇಕಲ್ಲ. ಪೆಟ್ಟಿಗೆಯೊಳಗೆ ಎಲ್ಲಿಂದ ಬರಬೇಕು? ಬಸ್ಸಿನ ಕುಲುಕಾಟಕ್ಕೆ ಏನೋ ಸಡಿಲಾಗಿರಬೇಕು ಅಂತ ತನಗೆ ತಾನೇ ಹೇಳಿಕೊಂಡು ಬಿರಬಿರನೆ ನಡೆದ.

ಅಂಗಡಿಯಲ್ಲಿ ಮಾರುತಿ ಕಾಯುತ್ತಿದ್ದ. ಅವನೂ ಪಾಲಾಕ್ಷನೂ ಪಾಲಿನಲ್ಲಿ ಆ ಕಂಪ್ಯೂಟರ್ ಗೇಮ್ ಅಂಗಡಿ ಇಟ್ಟಿದ್ದರು. ಬೆಳಗಾದರೆ ಭಾನುವಾರ. ಸ್ಟೇರಿಂಗ್ ಬರ್ತೈತೆ ಅಂತ ಮಾರುತಿ ಊರಿಗೆಲ್ಲ ಹೇಳಿಬಿಟ್ಟಿದ್ದ. ರಾತ್ರಿಯೇ ಕೂರಿಸಲೇಬೇಕು.

ಮೇಜಿನ ಅಂಚಿಗೆ ಸ್ಟೇರಿಂಗ್ ಇಟ್ಟು ಎರಡು ಕಡೆ ಹಿಡಿಕೆ ತಿರುಗಿಸಿ ಬಿಗಿದರು. ಪೆಡಲು ಕೆಳಗಿಟ್ಟರು. ವೈರು ಚುಚ್ಚಿ ಸೀಡಿ ಹಾಕಿದರು. ಸೀಡಿ ಒಳಗೆ ಸುಯ್ ಸುಯ್ ಅಂತ ತಿರುಗಿ ನಿಂತಿತು.

"ಏನಂತೈತಲೇ?" ಅಂದ ಮಾರುತಿ.

"ಡ್ರೈವರ್ ಸಿಗ್ತಿಲ್ಲ ಅಂತೈತೆ."

ಹೊಸ ಸಾಮಾನು ಸಿಕ್ಕಿಸಿದಾಗ ಅದನ್ನ ನಡೆಸೋಕೆ ಕಂಪ್ಯೂಟರಿಗೆ ಒಂದು ಪ್ರೋಗ್ರಾಮು ಬೇಕು. ಅದಕ್ಕೂ ಡ್ರೈವರ್ ಅಂತಲೇ ಹೆಸರು. ಅದು ಇಲ್ಲದೆ ಸ್ಟೇರಿಂಗು ಬರೀ ಪ್ಲಾಸ್ಟಿಕ್ಕು.

ಮಾರುತಿ ನಕ್ಕ. "ಡ್ರೈವರ್ ಇಲ್ದೆ ಗಾಡಿ ಹೆಂಗೋಡ್ತೈತೆ ಬಿಡು. ಬೆಳಿಗ್ಗೆ ನೋಡಾನ."

ಅವನ ಮಾತು ಮುಗಿಯೋದಕ್ಕೂ ಸ್ಟೇರಿಂಗು ತಾನಾಗೇ ತಿರುಗೋದಕ್ಕೂ ಸರಿಹೋಯಿತು. ಎಡಕ್ಕೆ ಕೊನೇವರೆಗೆ... ಟಕ್. ಬಲಕ್ಕೆ ಕೊನೇವರೆಗೆ... ಟಕ್. ನಡುವೆ ಬಂದು ನಿಂತಿತು.

"ಬಂತು ನೋಡು," ಅಂತ ಮಾರುತಿ ಕುರ್ಚಿ ಎಳಕೊಂಡ. ಆಟ ಹಚ್ಚಿದ. ಪಾಲಾಕ್ಷ ಬಗ್ಗಿ ನೋಡಿದ. ಪರದೆ ಮೇಲೆ ಇನ್ನೂ 'ಡ್ರೈವರ್ ಇಲ್ಲ' ಅನ್ನೋ ಸಾಲು ಹಾಗೇ ಇತ್ತು.

ಮಾರುತಿ ಒಂದು ನಿಮಿಷ ಆಡಿರಬಹುದು. ಕಾರು ನೇರ ರಸ್ತೆಯಲ್ಲಿತ್ತು. ಗುಂಡಿ ಇಲ್ಲ, ಗೋಡೆ ಇಲ್ಲ. ಇದ್ದಕ್ಕಿದ್ದಂತೆ ಸ್ಟೇರಿಂಗು ಎಡಕ್ಕೆ ಬೀಸಿತು. ಮಾರುತಿಯ ಹೆಬ್ಬೆರಳು ಸ್ಟೇರಿಂಗ್ ಚಕ್ರದ ನಡುವಿನ ಅಡ್ಡಪಟ್ಟಿಯ ಒಳಗಿತ್ತು. ಒಣಗಿದ ಶೇಂಗಾ ಕಾಯಿ ಒಡೆದ ಹಾಗೆ ಸದ್ದಾಯಿತು... ಕಟಕ್. ಬೆರಳು ಹಿಂದಕ್ಕೆ ಮಡಚಿಕೊಂಡು ಅಂಗೈಯ ಬೆನ್ನಿಗೆ ಹತ್ತಿತ್ತು.

ಮಾರುತಿ ಬಾಯಿ ತೆರೆದು ಬೆರಳನ್ನೇ ನೋಡುತ್ತಾ ಇದ್ದ. ಆಮೇಲೆ ವಾಂತಿ ಮಾಡಿಕೊಂಡ. ಪಾಲಾಕ್ಷ ಟವೆಲ್ಲಿಂದ ಕೈ ಸುತ್ತಿ, "ನಡಿ, ಆಸ್ಪತ್ರೆಗೆ ನಾನೂ ಬರ್ತೀನಿ," ಅಂದ.

"ಬ್ಯಾಡ. ಅಂಗಡಿ ಬಾಗ್ಲು ತೆರೆದಿಟ್ಟು ಬರ್ತೀಯಾ? ನಮ್ಮಣ್ಣನ್ನ ಎಬ್ಬಿಸ್ಕೊಂಡು ಹೋಗ್ತೀನಿ." ಹೊಸಲಲ್ಲಿ ತಿರುಗಿ ಮೆಲ್ಲಗೆ ಅಂದ. "ಲೇ ಪಾಲಾಕ್ಷ... ಅದನ್ನ ಕಿತ್ತಾಕು. ಯಾರೋ ಕೈ ಹಿಡಿದು ಎಳೆದಂಗಾತು ಕಣಲೇ."

ಪಾಲಾಕ್ಷ ಒಬ್ಬನೇ ಉಳಿದ. ಮೊದಲು ವೈರು ಕಿತ್ತ. ಹಿಡಿಕೆ ಬಿಚ್ಚಬೇಕು ಅಂತ ಬಗ್ಗಿದ. ಆಗಲೇ ಕರೆಂಟ್ ಹೋಯಿತು. ಪರದೆ ಸತ್ತಿತು. ಓಣಿಯೂ ಕಪ್ಪಾಯಿತು.

ಕತ್ತಲಲ್ಲಿ ಸ್ಟೇರಿಂಗು ತಿರುಗತೊಡಗಿತು.

ಜೋರಾಗಿ ಅಲ್ಲ. ನಿಧಾನ. ಸ್ವಲ್ಪ ಎಡಕ್ಕೆ... ಗರ್‍ರ್. ನೇರ. ಬಹಳ ಹೊತ್ತು ನೇರ. ಬಲಕ್ಕೆ ಅರ್ಧ... ಗರ್‍ರ್. ಕೆಳಗೆ ಪೆಡಲು ಒತ್ತಿ ಬಿಟ್ಟ ಸದ್ದು, ಕ್ಳಿಕ್... ಕ್ಳಿಕ್. ಯಾರೂ ತುಳಿಯುತ್ತಿರಲಿಲ್ಲ. ಪಾಲಾಕ್ಷ ಮೊಣಕಾಲೂರಿ ಕೂತಲ್ಲೇ ಕಿವಿಗೊಟ್ಟ.  ಆ ತಿರುವುಗಳು ಅವನಿಗೆ ಗೊತ್ತಿದ್ದವು. ಇದು ತಳಕು ಊರು. ಇದು ಅದರಾಚೆ ಸೇತುವೆ. ಈಗ ಬಿ.ಜಿ. ಕೆರೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ರಸ್ತೆ.

ಅದಕ್ಕೂ ಎಂಟು ವರ್ಷದ ಹಿಂದೆ ಪಾಲಾಕ್ಷ ಲಾರಿ ಕ್ಲೀನರ್ ಆಗಿದ್ದ. ಡ್ರೈವರ್ ಚಿಕ್ಕೀರಪ್ಪ, ಮೊಳಕಾಲ್ಮೂರಿನವನು. ಶೇಂಗಾ ಹಿಂಡಿ ಮೂಟೆ ಹೇರಿಕೊಂಡು ರಾಯದುರ್ಗಕ್ಕೆ ಹೋಗುತ್ತಿದ್ದರು. ಪಾಲಾಕ್ಷನಿಗೆ ಆಗ ಹತ್ತೊಂಬತ್ತು. ಒಂದೇ ಹುಚ್ಚು, ಸ್ಟೇರಿಂಗ್ ಹಿಡೀಬೇಕು. ಚಿಕ್ಕೀರಪ್ಪ ಕೊಡುತ್ತಿರಲಿಲ್ಲ. ಆ ರಾತ್ರಿ ಬಿ.ಜಿ. ಕೆರೆ ದಾಟಿದ ಮೇಲೆ ಪಾಲಾಕ್ಷ ಮತ್ತೆ ಮತ್ತೆ ಪೀಡಿಸಿದ. ಚಿಕ್ಕೀರಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೆನ್ನೆಗೆ ಒಂದು ಬಿಟ್ಟ. ಪಾಲಾಕ್ಷನಿಗೆ ಸಿಟ್ಟು ನೆತ್ತಿಗೇರಿತು. ಕೈ ಚಾಚಿ ಸ್ಟೇರಿಂಗನ್ನು ತನ್ನ ಕಡೆ ಎಳೆದ. ಒಂದೇ ಸಲ.

ಲಾರಿ ಎಡಕ್ಕೆ ಹಾರಿತು. ಮೊಳಕಾಲ್ಮೂರಿಗೆ ತಿರುಗೋ ಹಾನಗಲ್ ಇನ್ನೂ ಮುಂದೆ ಇತ್ತು. ರಸ್ತೆ ಪಕ್ಕದ ಆಲದಮರಕ್ಕೆ ಬಲ ಮಗ್ಗುಲು ಬಡಿಯಿತು. ಸ್ಟೇರಿಂಗಿನ ರಾಡು ಚಿಕ್ಕೀರಪ್ಪನ ಎದೆಯೊಳಕ್ಕೆ ಹೊಕ್ಕಿತ್ತು. ಆದರೂ ಜೀವ ಇತ್ತು. ಅವನು ಪಾಲಾಕ್ಷನ ಬಲಗೈ ಮಣಿಕಟ್ಟು ಹಿಡಕೊಂಡ. ಏನೋ ಹೇಳೋಕೆ ಹೋದ, ಬಾಯಿಂದ ರಕ್ತ ಬಂತು. ಪಾಲಾಕ್ಷ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೊನೇ ಬೆರಳು ಬಿಡಲಿಲ್ಲ. ಅದನ್ನ ಹಿಂದಕ್ಕೆ ಮಡಚಿ ಮುರಿದು ಇಳಿದು ಓಡಿದ.

ಜನ ಸೇರಿದಾಗ ಹೇಳಿದ. "ಕುಡಿದಿದ್ದ. ಗಾಡಿ ಓಡಿಸ್ತಾನೇ ಮಲಗಿಬಿಟ್ಟ." ಜನ ನಂಬಿದರು. ಅಂದಿನಿಂದ ಪಾಲಾಕ್ಷ ಗಾಡಿ ಮುಟ್ಟಿರಲಿಲ್ಲ. ಇದು ರಸ್ತೆಯೇ ಇಲ್ಲದ ಸ್ಟೇರಿಂಗ್, ಇದಕ್ಕೇನು ಭಯ ಅಂದುಕೊಂಡೇ ತಂದಿದ್ದ.

ಈಗ ಕತ್ತಲಲ್ಲಿ ಸ್ಟೇರಿಂಗು ಬಿ.ಜಿ. ಕೆರೆ ದಾಟಿತು. ಚಿಕ್ಕೀರಪ್ಪ ಸೇದುತ್ತಿದ್ದ ಗಣೇಶ ಬೀಡಿ ಹೊಗೆ, ಲಾರಿಯ ಹಿಂಡಿ ವಾಸನೆ ಮೂಗಿಗೆ ಬಡಿಯಿತು. ಏಳಬೇಕು ಅಂತ ಪಾಲಾಕ್ಷ ಮೇಜು ಹಿಡಿದ.

ಫಟ್.

ಕೆನ್ನೆ ಉರಿಯಿತು. ಬಾಯೊಳಗೆ ಹಲ್ಲು ಅಲ್ಲಾಡಿತು.

"ಸ್ಟೇರಿಂಗ್ ಬೇಕಿತ್ತಲ್ಲ ನಿಂಗೆ," ಅಂತ ಪಿಸುಮಾತು. ಬಲ ಕಿವಿಯ ಪಕ್ಕ, ಬೀಡಿ ಸೇದಿದ ಗಂಟಲು. "ಹಿಡ್ಕೋ."

"ಚಿಕ್ಕೀರಣ್ಣ..."

"ಹಿಡ್ಕೋ."

ಅವನ ಬಲಗೈ ಅವನ ಮಾತು ಕೇಳಲಿಲ್ಲ. ಯಾರೋ ಮಣಿಕಟ್ಟು ಹಿಡಿದು ಎತ್ತಿ ಅಡ್ಡಪಟ್ಟಿಯ ನಡುವೆ ತುರುಕಿದರು. ನಾಲ್ಕು ಬೆರಳ ಬಿಗಿ ಇತ್ತು. ಐದನೇದು ಜೋಲುತ್ತಿತ್ತು, ಚರ್ಮಕ್ಕೆ ಸುಮ್ಮನೆ ತಾಗುತ್ತಿತ್ತು.

ಸ್ಟೇರಿಂಗು ಎಡಕ್ಕೆ ಹೊಡೆಯಿತು. ಮಣಿಕಟ್ಟು ಮುರಿಯಿತು. ಪಾಲಾಕ್ಷ ಕೂಗಿದ. ಅದು ಬಲಕ್ಕೆ ಬಂದು ಮತ್ತೆ ಎಡಕ್ಕೆ ಹೊಡೆಯಿತು. ಮೂಳೆಯ ತುದಿ ಚರ್ಮ ಹರಿದು ಹೊರಬಂತು. ಆಮೇಲೆ ಮೇಜೇ ಎದ್ದು ಬಂತು. ಅಂಚು ಅವನ ಎದೆಗೆ ಗುದ್ದಿತು, ಗೋಡೆಗೆ ಒತ್ತಿ ಹಿಡಿಯಿತು. ಹಿಂದಕ್ಕೆ ಸರಿದು ಮತ್ತೆ ಗುದ್ದಿತು. ದಡ್... ದಡ್... ದಡ್. ಕಂಪ್ಯೂಟರು ನೆಲಕ್ಕೆ ಬಿದ್ದು ಗಾಜು ಚೂರಾಯಿತು. ಮೂರನೇ ಗುದ್ದಿಗೆ ಪಕ್ಕೆಲುಬು ಹೋಯಿತು. ಉಸಿರು ಒಳಗೆ ಹೋಗುತ್ತಿರಲಿಲ್ಲ.

"ನಾನೇ ಎಳೆದಿದ್ದು," ಅಂದ ಪಾಲಾಕ್ಷ. ರಕ್ತದ ಜೊತೆ ಮಾತು ಬಂತು. "ನೀನು ಮಲಗಿರಲಿಲ್ಲ. ನಾನೇ ಎಳೆದಿದ್ದು ಕಣಣ್ಣ."

ಮೇಜು ನಿಂತಿತು.

"ನಂಗೆ ಗೊತ್ತೈತೆ."

ಓಣಿಯಾಚೆ ಒಂದು ನಾಯಿ ಕೆಮ್ಮಿದ ಹಾಗೆ ಬೊಗಳಿತು.

"ಕೆಂಚಿಗೆ ಗೊತ್ತಿಲ್ಲ."

ಬಿಗಿ ಸಡಿಲವಾಯಿತು.

ಕೆಂಚಕ್ಕ ಅಂದರೆ ಚಿಕ್ಕೀರಪ್ಪನ ಹೆಂಡತಿ. ಮೊಳಕಾಲ್ಮೂರಿನಲ್ಲಿ ಸೀರೆ ನೇಯೋರ ಮನೆಗೆ ರೇಷ್ಮೆ ನೂಲು ಸುತ್ತಿಕೊಟ್ಟು ಜೀವನ ಮಾಡುತ್ತಿದ್ದಳು. ಪಾಲಾಕ್ಷ ಆಸ್ಪತ್ರೆಗೆ ಹೋಗಲಿಲ್ಲ. ಮುರಿದ ಕೈಯನ್ನು ಪಂಚೆ ಹರಿದು ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದ. ಕಂಡಕ್ಟರ್ ಅವನ ಮುಖ ನೋಡಿ ಟಿಕೆಟ್ ಕೇಳಲಿಲ್ಲ. ಆಲದಮರ ಬಂದಾಗ ಪಾಲಾಕ್ಷ ಕಣ್ಣು ಮುಚ್ಚಿಕೊಂಡ.

ಕೆಂಚಕ್ಕ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಬಾಗಿಲಲ್ಲಿ ನಿಂತವನನ್ನು ನೋಡಿ, "ಎವರಪ್ಪಾ ನುವ್ವು? ಯಾರು?" ಅಂತ ತೆಲುಗು ಬೆರೆಸಿ ಕೇಳಿದಳು.

"ಪಾಲಾಕ್ಷ. ಚಿಕ್ಕೀರಣ್ಣನ ಗಾಡೀಲಿ ಕ್ಲೀನರ್ ಇದ್ದೆ."

ನಿಂತಲ್ಲೇ ಎಲ್ಲ ಹೇಳಿದ. ಕೆನ್ನೆಗೆ ಬಿದ್ದದ್ದು, ಎಳೆದದ್ದು, ಬೆರಳು ಮುರಿದದ್ದು, ಸುಳ್ಳು ಹೇಳಿದ್ದು. ಅವಳು ಕೋಲು ತಿರುವೋದು ನಿಲ್ಲಿಸಲಿಲ್ಲ. ಅವನು ಮುಗಿಸಿದ ಮೇಲೆ ಎದ್ದು ಬಂದು ಅದೇ ಕೋಲಿನಿಂದ ಅವನ ಮುಖಕ್ಕೆ ಬಾರಿಸಿದಳು. ಬಿಸಿ ಹಿಟ್ಟು ಕೆನ್ನೆಗೆ ಅಂಟಿ ಚರ್ಮ ಸುಲಿಯಿತು. ಮುರಿದ ಕೈ ಮೇಲೆ ಹೊಡೆದಳು. ಬಿದ್ದವನ ಬೆನ್ನ ಮೇಲೆ ಹೊಡೆದಳು. ಕೋಲು ಎರಡು ತುಂಡಾದ ಮೇಲೆ ನಿಂತಳು.

"ಎಂಟು ವರ್ಷ," ಅಂದಳು. ದನಿ ಏರಿರಲಿಲ್ಲ. "ಕುಡುದು ಸತ್ತೋನ ಹೆಂಡ್ತಿ ಅಂದ್ರು ನನ್ನ. ನಾನೂ ನಂಬಿದೆ. ಮನೇಲಿ ಕೂತು ಬೈದೆ ಅವನ್ನ. ಮಾರ್ನಾಮಿ ಅಮಾಸೆಗೆ ಎಡೆ ಇಡೋದೂ ಬಿಟ್ಟೆ. ಹಸ್ಕೊಂಡಿರ್ಲಿ ಅಂತ ಬಿಟ್ಟೆ."

ಪಾಲಾಕ್ಷ ಅವಳ ಕಾಲು ಹಿಡಿಯೋಕೆ ಹೋದ. ಅವಳು ಕಾಲು ಹಿಂದಕ್ಕೆ ಎಳಕೊಂಡಳು.

"ನಂಗೊಬ್ಳಿಗೆ ಹೇಳಿದ್ರೆ ಆತಾ? ಏಳು."

ಅಂಗಿ ಕೊರಳಪಟ್ಟಿ ಹಿಡಿದು ಬಸ್ಸು ಹತ್ತಿಸಿ ಚಳ್ಳಕೆರೆಗೆ ತಂದಳು. ಲಾರಿ ನಿಲ್ಲೋ ಜಾಗದಲ್ಲಿ, ಚಿಕ್ಕೀರಪ್ಪನ ಜೊತೆಗಾರ ಡ್ರೈವರುಗಳೆಲ್ಲ ಚಾ ಕುಡಿಯುತ್ತಾ ನಿಂತಿದ್ದ ಕಡೆ ಅವನನ್ನು ನಡುವೆ ನಿಲ್ಲಿಸಿ, "ಹೇಳು," ಅಂದಳು. ಪಾಲಾಕ್ಷ ಮತ್ತೆ ಎಲ್ಲ ಹೇಳಿದ.  ಸೂರಪ್ಪ ಅನ್ನೋ ಹಿರಿಯ ಡ್ರೈವರು ಲೋಟ ಕೆಳಗಿಟ್ಟು ಬಂದು ಬಾಯಿಗೆ ಗುದ್ದಿದ. ಮಿಕ್ಕವರು ಬಂದರು. ಟಯರ್ ಬಿಚ್ಚೋ ರಾಡಿನಿಂದ ಕಾಲಿಗೆ ಹೊಡೆದರು. ಪಾಲಾಕ್ಷ ಕೈ ಅಡ್ಡ ಹಿಡಿಯಲಿಲ್ಲ. ಕೆಂಚಕ್ಕ ಕಲ್ಲಿನ ಮೇಲೆ ಕೂತು ಅವರೆಲ್ಲರ ಮುಖ ನೋಡುತ್ತಿದ್ದಳು. ಸೂರಪ್ಪ ಅವಳ ಮುಂದೆ ಬಂದು ಕೈಮುಗಿದು, "ನಾನೂ ಅವನ್ನ ಕುಡುಕ ಅಂದಿದ್ದೆ ಕಣವ್ವ, ತಪ್ಪಾತು," ಅಂದ. ಆಗ ಎದ್ದಳು.

"ಸಾಕು ಬಿಡ್ರಿ ಅವನ್ನ," ಅಂದಳು. "ಆಸ್ಪತ್ರೆಗೆ ಒಯ್ರಿ."

ಮೂರು ತಿಂಗಳು ಮಲಗಿದ್ದ ಪಾಲಾಕ್ಷ. ಹುಷಾರಾದ ಮೇಲೆ ಪೊಲೀಸು ಠಾಣೆಗೂ ಹೋಗಿ ಬರೆದುಕೊಟ್ಟ, ಕೋರ್ಟಿಗೂ ಅಲೆದ. ಕೆಂಚಕ್ಕ ಅವನನ್ನು ಕ್ಷಮಿಸಲಿಲ್ಲ. ಅವನೂ ಕೇಳಲಿಲ್ಲ. ಮುಂದಿನ ಮಾರ್ನಾಮಿ ಅಮಾಸೆಗೆ ಅವಳ ಮನೆಯಲ್ಲಿ ಚಿಕ್ಕೀರಪ್ಪನಿಗೆ ಎಡೆ ಇಟ್ಟರು ಅಂತ ಸೂರಪ್ಪ ಬಂದು ಹೇಳಿದ್ದ, ಅಷ್ಟೇ.

ಆ ಸ್ಟೇರಿಂಗ್ ಏನಾಯಿತು ಅಂತೀರಾ? ಅಂಗಡಿ ಮುಚ್ಚಿದ ದಿನ ಮಾರುತಿ ಅದನ್ನ ರೇಡಿಯೋ ರಿಪೇರಿ ಜುಂಜಣ್ಣನ ಹತ್ತಿರ ಒಯ್ದ. ಬಿಡಿಭಾಗಕ್ಕಾದರೂ ಆಗಲಿ ಅಂತ. ಜುಂಜಣ್ಣ ಎಂಟು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೆದ. ಟಾರ್ಚ್ ಬಿಟ್ಟು ನೋಡಿ, ಮಾರುತಿ ಕಡೆ ತಿರುಗಿಸಿ ಹಿಡಿದ.

ಒಳಗೆ ಮೋಟಾರೇ ಇರಲಿಲ್ಲ. ಹಲ್ಲಿನ ಚಕ್ರಗಳೂ ಇಲ್ಲ. ಮಾರಿದವನು ಎಲ್ಲ ಬಿಚ್ಚಿಕೊಂಡು ಬರೀ ಚಿಪ್ಪು ಕೊಟ್ಟಿದ್ದ. ಮೋಟಾರು ಕೂರೋ ಜಾಗದಲ್ಲಿ ಜೇಡ ಬಲೆ ಕಟ್ಟಿತ್ತು, ಹಳೇದು, ಒಂದು ಎಳೆಯೂ ಹರಿದಿರಲಿಲ್ಲ.

ನಂಬದಿದ್ದರೆ ಬಿಡಿ. ಬಿಚ್ಚುವಾಗ ಅಲ್ಲಿ ನಾಲ್ಕು ಜನ ಇದ್ದರು. ನಾಲ್ವರೂ ಬದುಕಿದ್ದಾರೆ. ಜುಂಜಣ್ಣ ಈಗಲೂ ಸಂಜೆ ಆರರವರೆಗೆ ಅಂಗಡಿಯಲ್ಲೇ ಇರ್ತಾನೆ.