ಓಕ್ಸಾನಾಳ ಮನಿಗೆ ಒಯ್ದ ಹುಗ್ಗಿ

…ಮೂಗು ಮುರೀಬ್ಯಾಡೋ, ಅದು ಗೋದಿ ಹುಗ್ಗಿ, ನಿಮ್ಮ ಓಟ್ಸಿನ ಪಾರಿಜ್ ಅಲ್ಲ. ಇದ ಹುಗ್ಗಿ ನೋಡಿ ಒಬ್ಬಾಕಿ ಚೀರಿದ್ದು ಇನ್ನೂ ನನ್ನ ಕಿವ್ಯಾಗ ಐತಿ, ಗೊತ್ತೇನ? ಆವಾಗ ನಾವು ಏರ್‌ಪೋರ್ಟ್ ಬಾಜೂಕ ಫೆಲ್ಥಮ್‌ನ ಫ್ಲ್ಯಾಟಿನಾಗ ಇದ್ವಿ, ವಿಮಾನ ಹಾದ್ರ ಕಿಡಕಿ ಗಡಗಡ ಅಂತಿದ್ವು. ಕೆಳಗಿನ ಫ್ಲ್ಯಾಟಿನಾಗ ಓಕ್ಸಾನಾ, ಉಕ್ರೇನಿನಾಕಿ. ವಿಮಾನದಾಗ ಊಟ ಕೊಡತಾರಲ್ಲ, ಆ ಟ್ರೇ ತುಂಬೋ ಕೆಲಸ ಇಬ್ರದೂ, ಒಂದ ಬಸ್ಸಿನಾಗ ಹೋಗತಿದ್ವಿ. ಆಕಿ ಗಂಡ ಆಂದ್ರಿ ಫೌಜಿನಾಗ ಮೇಜರ್… ಅಲ್ಲಲ್ಲ, ಕರ್ನಲ್. ಕರ್ನಲ್ ಹೇಣ್ತಿ ಯಾಕ ಟ್ರೇ ತುಂಬತಾಳ ಅಂತ ನಗಬ್ಯಾಡ್ರಿ, ಅವರ ದೇಶದಾಗ ಆವಾಗ ದೊಡ್ಡ ಸಾಹೇಬರ ಪಗಾರನೂ ಮನಿಗೆ ಸಾಲತಿದ್ದಿಲ್ಲ. ಇರಾಕಿನಾಗ ಲಡಾಯಿ ನಡದಿತ್ತು ನೋಡ್ರಿ, ಅಲ್ಲಿಗೆ ಉಕ್ರೇನಿನ ಫೌಜೂ ಹೋಗಿತ್ತು, ಆಂವನೂ ಹೋಗಿದ್ದ.

ಅವತ್ತ ಸಂಕ್ರಾಂತಿ, ನಾ ರಜಾ ಹಾಕಿ ಹುಗ್ಗಿ ಮಾಡೀನಿ. ಟೀವಿಯೊಳಗ ಬಂತು, ಇರಾಕಿನಾಗ ಬಾಂಬ್ ಸಿಡದೈತಿ, ಉಕ್ರೇನಿನ ಇಬ್ಬರು ಕರ್ನಲ್, ಒಬ್ಬಾಂವ ಸತ್ತಾನ, ಒಬ್ಬಾಂವ ಜಖಂ ಆಗ್ಯಾನ. ಹೆಸರು? ಹೆಸರ ಇಲ್ಲ! ಊರು ಮಾತ್ರ ಆಂದ್ರಿ ಇದ್ದ ಊರ. ಕೆಳಗ ಓಡಬೇಕಂದ್ರ ನಿಮ್ಮ ಅಜ್ಜ, "ಏ, ಬರೇ ಕೈಲೆ ಹೋಗಬ್ಯಾಡ. ಆಕಿ ಏನರೆ ತಿಂದಾಳೋ ಇಲ್ಲೋ, ಹುಗ್ಗಿ ಒಯ್ಯಿ." ನನಗೂ ಖರೆ ಅನಿಸ್ತು. ಡಬ್ಬಿ ತುಂಬಿ, ಮ್ಯಾಲೆ ಗಸಗಸಿ ಉದುರಿಸಿ, ತುಪ್ಪ ಹಾಕಿ ಒಯ್ದೆ.

ಓಕ್ಸಾನಾ ಮೊಬೈಲ್ ಉಡ್ಯಾಗ ಇಟಗೊಂಡು ಕುಂತಿದ್ಲು, ಮುಖದಾಗ ರಗತ ಇದ್ದಿಲ್ಲ. ನಾ ಮಾತಾಡಲಾರದ ಡಬ್ಬಿ ತೆಗದು ಮುಂದ ಹಿಡದೆ. ಆಕಿ ನೋಡಿದ್ಲು, ಗೋದಿ ನೋಡಿದ್ಲು, ಎದ್ದು ಗ್ವಾಡಿಗೆ ಬೆನ್ನು ಹಚ್ಚಿ ನಿಂತು ಚೀರಿದ್ಲು, "ಯಾರು ಹೇಳಿದ್ರು ನಿನಗ? ಸತ್ತನೇನು? ಹೇಳು, ನನ್ನ ಆಂದ್ರಿ ಸತ್ತನೇನು?" ನನಗ ತಿಳೀವಲ್ದು. ಅಲ್ಲವ್ವ, ಹಬ್ಬದ್ದು, ಸಿಹಿ, ಅಂತೀನಿ. ಆಕಿ ಡಬ್ಬಿ ಕಡೆ ಬೆರಳು ಮಾಡಿ, "ನಮ್ಮಲ್ಲಿ ಸತ್ತವರ ಮನ್ಯಾಗ ಕೊಡತಾರ ಇದನ್ನ! ಕುದಿಸಿದ ಗೋದಿ, ಸಿಹಿ ಹಾಕಿ!" ಅಂದ್ಲು. ಅಯ್ಯ ದೇವರ! ಲಗೂ ಲಗೂ ಡಬ್ಬಿ ಮುಚ್ಚಿದೆ. ಇನ್ನ ಆಂವ ಖರೇನ ಸತ್ತಿದ್ರ ನಾನ ಅಪಶಕುನ ತಂದಂಗ ಆತಲ್ಲ ಅಂತ ಅಂಜಿಕಿ. ಭಾಳ ಅಂಜಿದ್ದೆ, ಹಂಗ ಎಂದೂ ಅಂಜಿದ್ದಿಲ್ಲ.

ಅಷ್ಟರಾಗ ಫೋನ್ ಹೊಡಕೊಂತು. ಆಕಿ ಮುಟ್ಟವಲ್ಲಳು, "ನೀ ತಗೊ, ನೀ ತಗೊ" ಅಂತ ನನ್ನ ಕಡೆ ದೂಡತಾಳ. ತಗೊಂಡೆ. ಯಾರೋ ಗಂಡಸು, ಅವರ ಭಾಷಾದಾಗ ಏನೇನೋ ಹೇಳಾಕತ್ತಾನ, ನನಗ ಒಂದಕ್ಷರ ತಿಳೀಲಿಲ್ಲ. ಸತ್ತಾನ ಅಂತಾನೋ, ಅದಾನ ಅಂತಾನೋ! ಕಣ್ಣು ಮುಚ್ಚಿ ಆಕಿ ಕಿವಿಗೆ ಹಿಡದೆ. ಕೇಳಿದ್ಲು ಕೇಳಿದ್ಲು, ಆಮ್ಯಾಲ ನೆಲದ ಮ್ಯಾಲ ಕುಂತು, "ಕಾಲು ಹೋಗೇತಿ. ಜೀವ ಐತಿ," ಅಂದ್ಲು. ಸತ್ತಾಂವ ಇನ್ನೊಬ್ಬ ಕರ್ನಲ್, ಇವರ ಮದುವ್ಯಾಗ ಕುಣದಾಂವ.

ನಾ ಡಬ್ಬಿ ಸೆರಗಿನಾಗ ಮುಚ್ಚಿಕೊಂಡು ಏಳಾಕ ಹೋದ್ರ ಆಕಿ ಕೈ ಹಿಡದ್ಲು. "ಕೊಡು," ಅಂದ್ಲು. ಆ ಸತ್ತವನ ಹೆಸರು ಹೇಳಿ ಒಂದು ಚಮಚ ತಿಂದ್ಲು, ಅತ್ತಳು, ನನಗೂ ತಿನಿಸಿದ್ಲು. ಹಬ್ಬದ ಹುಗ್ಗಿ, ನಾನೂ ಆ ಸತ್ತವನ ಹೆಸರಿಲೆ ತಿಂದೆ.

ಅದಕ್ಕ ಹೇಳತೀನಿ, ಅಂಜಿ ಕುಂತವರ ಮನಿಗೆ ಹೋದ್ರ ಮೊದಲು ಬಾಜೂಕ ಸುಮ್ನ ಕೂಡ್ರಿ, ಡಬ್ಬಿ ಆಮ್ಯಾಲ ತೆಗೀರಿ. ಹೂಂ, ನೀ ತಿನ್ನೋ, ಆರಿ ಹೋಗತೈತಿ.