ಹೊರಡೋಕೆ ಮುಂಚೆ ಒಂದು ಗಳಿಗೆ

ಅಯ್ಯೋ ಅವ್ವಾ, ರಾಗಿ ಬೀಸಿಸ್ದೇನೇ ವಾಪಸ್ ಬಂದ್ಬಿಟ್ಯಾ! ಮಿಲ್ಲಿಗೂ ಕರೆಂಟಿಲ್ವಾ? ಅದೇ ಮತ್ತೆ... ದೊಡ್ಡಬಳ್ಳಾಪುರಕ್ಕೆ ದೊಡ್ಡಬಳ್ಳಾಪುರವೇ ಮಗ್ಗ ನಿಲ್ಲಿಸ್ಕೊಂಡು ಕೂತೈತೆ. ಅಣ್ಣನಾ? ಮಗ್ಗದ ಕೋಣೇಲಿ ಮಲಗವ್ನೆ. ಬೇಡ, ಬೇಡ! ಬಾಗಿಲು ತಟ್ಬೇಡ. ನಿದ್ದೆ ಕೆಟ್ರೆ ಅವನ ಬಾಯಿ ನಿಂಗೊತ್ತಲ್ಲ. ಕರೆಂಟ್ ಬಂದ್ರೆ ತಾನೇ ಏಳ್ತಾನೆ, ಬೀದಿಗೆಲ್ಲ ಮೊದಲು ಓಡೋದು ನಮ್ಮ ಮಗ್ಗವೇ ಅಲ್ವಾ.

ಏನು ಹಂಗ್ ನೋಡ್ತೀಯಾ? ತುರುಬಾ? ರೈಲಲ್ಲಿ ಧೂಳು ಅಂತ ಕಟ್ಕೊಂಡೆ. ಹೂಂ, ಬೆಂಗಳೂರಿಗೆ ಹೋಗ್ತೀನಿ. ಇವತ್ತು ರಷ್ಯನ್ ಭಾಷೆ ಪರೀಕ್ಷೆ. ಹೋಗೇ ಹೋಗ್ತೀನಿ! 'ರಷ್ಯಾದೋರು ಯುದ್ಧದಲ್ಲಿ ನಮ್ಮ ಕಡೆ ನಿಂತ್ರು ಸರಿ, ನಿನ್ನ ಮದುವೇಗೂ ಬಂದು ನಿಲ್ತಾರೇನೇ' ಅಂತ ಹೇಳಿ ಹೇಳಿ ಹೊಡೆದ್ನಲ್ಲ ಅಣ್ಣ, ಸೌದೇಲಿ... ನನ್ನ ಪುಸ್ತಕ ಹಂಡೆ ಒಲೆಗೆ ಹಾಕ್ದ. ತೆಗೆಯೋಕೆ ಹೋದ್ರೆ ನನ್ನ ಕೈನೂ ಬೆಂಕಿಗೇ ಒತ್ತಿ ಹಿಡ್ದ. ನೀನು ಅಲ್ಲೇ ಸೊಪ್ಪು ಸೋಸ್ತಾ ಕೂತಿದ್ದೆ. 'ಹೊಡೆಯೋ ಕೈಯೇ ಉಣ್ಣಿಸೋ ಕೈ' ಅಂದೆ.

ಆಯ್ತು, ಆಯ್ತು, ಅಳ್ಬೇಡ. ಆ ಮಾತು ಬಿಡು.

ಆ ಯೂನಿವರ್ಸಿಟಿ ಕ್ಲಾಸ್ ಹೆಂಗಿರ್ತದೆ ಗೊತ್ತಾ ಅವ್ವಾ? ಕೂತಷ್ಟು ಹೊತ್ತೂ ನಗ್ತಾನೇ ಇರ್ತೀನಿ! ಒಂದ್ಸಲ ಮೇಡಂ ಟೀಗೆ ಹಾಲು ಹಾಕ್ದೆ ಹಣ್ಣಿನ ಜಾಮ್ ಕೊಟ್ರು. ರಷ್ಯಾದಲ್ಲಿ ನೆಂಟರು ಬಂದ್ರೆ ರೊಟ್ಟಿ ಉಪ್ಪು ಹಿಡ್ಕೊಂಡು ಎದುರುಗೊಳ್ತಾರಂತೆ. ಯಾಕೆ ನಗ್ತೀಯಾ? ನಗು, ನಗು! ಹೊಸ್ತಿಲ ಮೇಲೆ ನಿಂತು ಕೊಡೋದು ತಗೊಳ್ಳೋದು ಮಾಡ್ಬಾರ್ದು ಅಂತ ಬಯ್ತೀಯಲ್ಲ, ಅವರೂ ಹಂಗೇ ಅಂತೆ ಕಣವ್ವ! ಅಷ್ಟು ದೂರದೋರು, ನಮ್ಮಂಗೇ...

ಅಲ್ಲೊಬ್ಬ ರಾಜ ಇದ್ದನಂತೆ. ಸಿಟ್ಟಲ್ಲಿ ಸ್ವಂತ ಮಗನ ತಲೆಗೇ ದೊಣ್ಣೇಲಿ... ಆಮೇಲೆ ತಾನೇ ಆ ತಲೆ ತಬ್ಕೊಂಡು ಕೂತನಂತೆ. ತಲೆಗೆ ಬಿದ್ರೆ ಅಷ್ಟೊಂದು ರಕ್ತ ಬರ್ತದಾ ಅಂದ್ಕೊಂಡಿದ್ದೆ. ಬರ್ತದೆ ಕಣವ್ವ... ಅಲ್ಲ, ಬರ್ತದಂತೆ. ಮೇಡಂ ಹೇಳಿದ್ರು.

ಇನ್ನೊಂದೈತೆ, ಕೇಳು. ಪ್ರಯಾಣ ಹೊರಡೋಕೆ ಮುಂಚೆ ಮನೆಯೋರೆಲ್ಲ ಒಂದು ಗಳಿಗೆ ಮಾತಿಲ್ಲದೆ ಕೂರ್ತಾರಂತೆ. ಹೋದೋರು ಕ್ಷೇಮವಾಗಿ ಬರ್ಲಿ ಅಂತ. ಬಾ, ಕೂತ್ಕೋ. ನನಗೋಸ್ಕರ ಅವ್ವಾ, ಇದೊಂದ್ಸಲ. ಶ್...

...

ಕರೆಂಟ್ ಬಂತು.

ಆಂಜಿನಪ್ಪನೋರ ಮಗ್ಗ... ಎದುರು ಮನೇದು... ಮಿಲ್ಲೂ ಶುರುವಾಯ್ತು ನೋಡು. ಹೋಗಿ ಬೀಸಿಸ್ಕೊಂಡು ಬಾ. ನಾನು ರೈಲಿಗೆ... ಅವ್ವಾ? ಮಗ್ಗದ ಕೋಣೆ ಬಾಗಿಲನ್ನೇ ಯಾಕೆ ನೋಡ್ತೀಯಾ? ಏಳ್ತಾನೆ. ಈಗ ಏಳ್ತಾನೆ...

ಮಾತಾಡು. ಕೂತಿದ್ದು ಸಾಕು, ಮಾತಾಡವ್ವಾ! ನೀನು ಮಿಲ್ಲಿಗೆ ಹೋದ್ಮೇಲೆ ನನ್ನ ಜಡೆ ಹಿಡ್ದು ಎಳೆದ, ಓಡೋ ಮಗ್ಗದ ಬೆಲ್ಟಿಗೆ ಕೊಡ್ತೀನಿ ಅಂತ. ಅಷ್ಟರಲ್ಲಿ ಕರೆಂಟ್ ಹೋಯ್ತು, ಉಳ್ಕೊಂಡೆ. 'ಬರ್ಲಿ ತಡಿ' ಅಂದ. ಜಡೆ ಬಿಡ್ಲಿಲ್ಲ ಕಣವ್ವ, ಕರೆಂಟಿಗೆ ಕಾಯ್ತಾ ನಿಂತಿದ್ದ! ಕೈಗೆ ಸ್ಪಾನರ್ ಸಿಕ್ತು...

ಬಿದ್ದಾಗ 'ಅವ್ವಾ' ಅಂತ ನಿನ್ನೇ ಕರೆದ. ಆಮೇಲೆ ಕರೀಲಿಲ್ಲ.

ನಾನೂ ಕರೆದಿದ್ದೆ ಅವ್ವಾ. ಅವತ್ತು, ಒಲೆ ಮುಂದೆ.